ಗಾಂಜಾ ಕಾನೂನು: ‘ಬೇಕು’, ‘ಬೇಡ’ಗಳ ನಡುವಿನ ಐದು ದಾರಿಗಳು

ಹಾಸನದ ಒಂದು ಪದವಿ ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ: ‘ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೇ?’ ಪರವಾಗಿ ಮಾತನಾಡಿದ ವಿದ್ಯಾರ್ಥಿನಿ ಅಪಸ್ಮಾರದಿಂದ ನರಳುವ ಮಕ್ಕಳಿಗೆ ಈ ಗಿಡದಿಂದ ತೆಗೆದ ಔಷಧಿ ಹೇಗೆ ನೆರವಾಗುತ್ತದೆ ಎಂಬುದನ್ನು ಚೆನ್ನಾಗಿ ಓದಿಕೊಂಡು ಬಂದಿದ್ದಳು. ವಿರೋಧವಾಗಿ ಮಾತನಾಡಿದ ಹುಡುಗ ಅಮೆರಿಕದ ಕೊಲರಾಡೊ ರಾಜ್ಯದ ಅಂಗಡಿಗಳಲ್ಲಿ ಗಾಂಜಾ ಬೆರೆಸಿದ ಚಾಕೊಲೇಟು, ಪೆಪ್ಪರ್‌ಮೆಂಟು ಮಾರುವುದನ್ನು ವರ್ಣಿಸಿ ಸಭೆಯನ್ನು ಬೆಚ್ಚಿಬೀಳಿಸಿದ. ಇಬ್ಬರೂ ನಿಜವನ್ನೇ ಹೇಳಿದ್ದರು. ಆದರೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಉತ್ತರವಾಗಿರಲಿಲ್ಲ. ಔಷಧಿ ಬೇಕು ಎನ್ನುವವಳು ಅಂಗಡಿ ಬೇಕು ಎಂದಿರಲಿಲ್ಲ, ಅಂಗಡಿ ಬೇಡ ಎನ್ನುವವನು ಔಷಧಿ ಬೇಡ ಎಂದಿರಲಿಲ್ಲ. ಅಂಕ ಹಾಕುವುದು ನನಗೆ ಕಷ್ಟವಾಯಿತು.

ಇಲ್ಲಿನ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ನನಗೆ ಈ ಗೊಂದಲ ಹೊಸದಲ್ಲ. ‘ಕಾನೂನುಬದ್ಧ’ ಎಂಬ ಒಂದೇ ಪದದ ಒಳಗೆ ಕನಿಷ್ಠ ಐದು ಬೇರೆ ಬೇರೆ ವ್ಯವಸ್ಥೆಗಳು ಅಡಗಿವೆ. ಗ್ರಾಮಸಭೆಯಲ್ಲಾಗಲಿ, ಮನೆಯ ಜಗಲಿಯಲ್ಲಾಗಲಿ ಈ ಪ್ರಶ್ನೆ ಎದುರಾದಾಗ ಯಾವುದನ್ನು ಆರಿಸಿಕೊಳ್ಳಬೇಕು ಎಂದು ಯೋಚಿಸುವವರಿಗಾಗಿ ಆ ಐದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಪ್ರತಿಯೊಂದಕ್ಕೂ ನಾನು ಕೇಳುವ ಪ್ರಶ್ನೆಗಳು ಎರಡು: ಈ ವ್ಯವಸ್ಥೆಯಲ್ಲಿ ಪೆಟ್ಟು ಯಾರಿಗೆ ಬೀಳುತ್ತದೆ, ಮತ್ತು ಬಳಕೆ ಹೆಚ್ಚಾದರೆ ಲಾಭ ಯಾರಿಗೆ ಸೇರುತ್ತದೆ?

ಮೊದಲನೆಯ ದಾರಿ: ಈಗಿರುವಂತೆಯೇ ಮುಂದುವರಿಯುವುದು

ಈಗಿರುವುದು 1985ರ ಎನ್‌ಡಿಪಿಎಸ್ ಕಾಯಿದೆ, ಅಂದರೆ ಮಾದಕವಸ್ತುಗಳನ್ನು ನಿಯಂತ್ರಿಸುವ ಕೇಂದ್ರ ಕಾನೂನು. ಅದಕ್ಕೆ ಮುನ್ನ ದೇಶದ ಹಲವೆಡೆ ಗಾಂಜಾ ಅಬಕಾರಿ ಪರವಾನಗಿಯ ಅಂಗಡಿಗಳಲ್ಲಿ ಬಿಕರಿಯಾಗುತ್ತಿತ್ತು. ಬ್ರಿಟಿಷ್ ಸರ್ಕಾರ 1893–94ರಲ್ಲಿ ನೇಮಿಸಿದ್ದ ಆಯೋಗವು ಮಿತವಾದ ಬಳಕೆಯಿಂದ ಹೆಚ್ಚಿನ ಹಾನಿಯಿಲ್ಲ, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ನಿಯಂತ್ರಣವೇ ಲೇಸು ಎಂದು ವರದಿ ಕೊಟ್ಟಿತ್ತು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ಭಾರತ, ಒಪ್ಪಂದ ಕೊಟ್ಟಿದ್ದ ಕಾಲಾವಕಾಶ ಮುಗಿಯುತ್ತ ಬಂದಾಗ ಈ ಕಾಯಿದೆಯನ್ನು ತಂದಿತು.

ಕಾಯಿದೆಯ ಲೆಕ್ಕವೆಲ್ಲ ತೂಕದ ಮೇಲೆ ನಿಂತಿದೆ. 2001ರ ಅಧಿಸೂಚನೆಯ ಪ್ರಕಾರ ಗಾಂಜಾದ ‘ಸಣ್ಣ ಪ್ರಮಾಣ’ 1 ಕಿಲೋ, ‘ವಾಣಿಜ್ಯ ಪ್ರಮಾಣ’ 20 ಕಿಲೋ. ಗಿಡದ ಅಂಟಿನಿಂದ ಮಾಡುವ ಚರಸ್ಸಿಗೆ ಈ ಮಿತಿಗಳು 100 ಗ್ರಾಂ ಮತ್ತು 1 ಕಿಲೋ. ಸಣ್ಣ ಪ್ರಮಾಣಕ್ಕೆ ಗರಿಷ್ಠ 1 ವರ್ಷ ಸೆರೆಮನೆ ಅಥವಾ 10,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಹೆಚ್ಚಿದ್ದು ವಾಣಿಜ್ಯ ಪ್ರಮಾಣಕ್ಕಿಂತ ಕಡಿಮೆಯಿದ್ದರೆ 10 ವರ್ಷದವರೆಗೆ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠವೇ 10 ವರ್ಷ, ಗರಿಷ್ಠ 20. ಜೊತೆಗೆ 37ನೆಯ ಕಲಮಿನ ಬಿಗಿಯಿಂದಾಗಿ ಜಾಮೀನು ಸಿಗುವುದು ಬಲು ಕಷ್ಟ.

ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ಸಕಲೇಶಪುರದ ಕಡೆಯ ಒಂದು ಪ್ರಕರಣದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಶುಂಠಿ ಹೊಲದ ನಡುವೆ ಬೆಳೆದಿದ್ದ ಕೆಲವು ಗಿಡಗಳನ್ನು ಕಿತ್ತು, ಪಕ್ಕದ ಊರಿನ ದಿನಸಿ ಅಂಗಡಿಯಿಂದ ತಂದ ತೂಕದ ಯಂತ್ರದ ಮೇಲೆ ಇಟ್ಟು ಮಹಜರು ಬರೆಯಲಾಗಿತ್ತು. ಗಿಡಗಳು ಹಸಿಯಾಗಿದ್ದವು, ಬೇರಿಗೆ ಮಣ್ಣು ಮೆತ್ತಿಕೊಂಡಿತ್ತು, ಕಾಂಡ ಹೆಬ್ಬೆರಳಿನಷ್ಟು ದಪ್ಪವಿತ್ತು. ಎಲ್ಲವೂ ಸೇರಿ ತೂಗಿದ ಅಂಕಿಯೇ ಮಹಜರಿನಲ್ಲಿ ‘ಗಾಂಜಾ’ ಎಂದು ದಾಖಲಾಗಿತ್ತು. ಕಾಯಿದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಗಳು ಮಾತ್ರ. ತುದಿಯ ಜೊತೆಗಿರದ ಎಲೆ, ಬೀಜಗಳು ಅದರಲ್ಲಿ ಸೇರುವುದಿಲ್ಲ. ಹೀಗಾಗಿ ಬೇರು, ಮಣ್ಣಿನ ಭಾರ ಒಬ್ಬ ಮನುಷ್ಯನ ಬಿಡುಗಡೆಯನ್ನು ಎಷ್ಟು ತಿಂಗಳು ತಡೆದೀತು ಎಂಬುದು ಆ ಯಂತ್ರದ ಮೇಲೆ ಗಿಡವನ್ನು ಹೇಗೆ ಇಟ್ಟರು ಎಂಬುದನ್ನು ಅವಲಂಬಿಸಿತ್ತು. ಆ ರೈತನ ತಂದೆ ಜಾಮೀನಿಗೆಂದು ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನ್ಯಾಯಾಲಯದ ಕಟ್ಟೆಯ ಮೇಲೆ ವಾಯಿದೆ ವಾಯಿದೆಗೂ ಬಂದು ಕೂರುತ್ತಿದ್ದರು.

ಇನ್ನೊಂದು ವಿಚಿತ್ರವನ್ನು ನಮ್ಮವರು ಗಮನಿಸುವುದಿಲ್ಲ. ಸಣ್ಣ, ವಾಣಿಜ್ಯ ಎಂಬ ತೂಕದ ವಿಂಗಡಣೆ ಇಟ್ಟುಕೊಂಡ ಮಾಲಿಗೆ ಅನ್ವಯಿಸುತ್ತದೆಯೇ ಹೊರತು ಬೆಳೆಯುವ ಅಪರಾಧಕ್ಕಲ್ಲ. 20(ಎ) ಕಲಮಿನಲ್ಲಿ ಗಿಡ ಬೆಳೆದುದಕ್ಕೆ, ಅದು ಎರಡೇ ಇರಲಿ ಇನ್ನೂರೇ ಇರಲಿ, ಗರಿಷ್ಠ ಶಿಕ್ಷೆ 10 ವರ್ಷವೇ. ಜೇಬಿನಲ್ಲಿ 900 ಗ್ರಾಂ ಇಟ್ಟುಕೊಂಡವನು ಒಂದು ವರ್ಷದ ಭಯದಲ್ಲಿದ್ದರೆ, ಹಿತ್ತಲಲ್ಲಿ ಎರಡು ಗಿಡ ನೆಟ್ಟ ಮುದುಕ ಹತ್ತು ವರ್ಷದ ಭಯದಲ್ಲಿರಬೇಕು.

ನಿಷೇಧದ ಪರವಾಗಿಯೂ ಬಲವಾದ ಮಾತಿದೆ, ಅದನ್ನು ಹಗುರ ಮಾಡಬಾರದು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಅಂದರೆ ಶೇ 14.6, ಭಂಗಿ (ಇದೇ ಗಿಡದ ಎಲೆಯಿಂದ ಮಾಡಿದ್ದು), ಗಾಂಜಾ, ಚರಸ್ ಮೂರರಲ್ಲಿ ಯಾವುದನ್ನಾದರೂ ಸೇವಿಸಿದವರು ಸುಮಾರು 3.1 ಕೋಟಿ, ಶೇ 2.8. ಅವರಲ್ಲೂ ಹೆಚ್ಚಿನವರು ಸೇವಿಸುವುದು ನಿಷೇಧವಿಲ್ಲದ ಭಂಗಿಯನ್ನು. ಗಾಂಜಾ, ಚರಸ್ಸಿನವರು ಸುಮಾರು 1.3 ಕೋಟಿ. ಬಾಗಿಲು ಮುಚ್ಚಿರುವ ಕಾರಣಕ್ಕೇ ಸಂಖ್ಯೆ ಇಷ್ಟಕ್ಕೆ ನಿಂತಿದೆ ಎಂದು ಹೇಳುವವರ ಮಾತನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗದು. ಆದರೆ ಬಾಗಿಲು ಮುಚ್ಚಿಡುವ ಖರ್ಚನ್ನು ಹೊರುವವರು ದೊಡ್ಡ ಸಾಗಣೆದಾರರಲ್ಲ. ಅವರು ಹೆಚ್ಚಾಗಿ ಸಿಕ್ಕಿಬೀಳುವುದೇ ಇಲ್ಲ. ಸಿಕ್ಕಿಬೀಳುವವರು ಬಸ್ ನಿಲ್ದಾಣದ ಹಿಂದೆ ನಿಂತ ಹುಡುಗರು, ಕಾಫಿ ತೋಟದ ಲೈನ್ ಮನೆಯ ಕೂಲಿಯವರು. ಲಾಭವೆಲ್ಲ ಕಳ್ಳ ವ್ಯಾಪಾರಿಗೆ. ಅವನಿಗಂತೂ ಬಳಕೆ ಹೆಚ್ಚಿದಷ್ಟೂ ಹಬ್ಬ.

ಎರಡನೆಯ ದಾರಿ: ಮಾರಾಟ ಅಪರಾಧ, ಸೇವನೆ ಅಪರಾಧವಲ್ಲ

ಪೋರ್ಚುಗಲ್ 2001ರ ಜುಲೈನಿಂದ ಹಿಡಿದ ದಾರಿ ಇದು. ಹತ್ತು ದಿನಗಳ ಸ್ವಂತ ಬಳಕೆಗೆ ಆಗುವಷ್ಟನ್ನು ಇಟ್ಟುಕೊಂಡವರನ್ನು ಅಲ್ಲಿ ಕ್ರಿಮಿನಲ್ ನ್ಯಾಯಾಲಯಕ್ಕೆ ಕರೆದೊಯ್ಯುವುದಿಲ್ಲ. ಕಾನೂನು, ಆರೋಗ್ಯ ಮತ್ತು ಸಮಾಜಸೇವೆಯ ಹಿನ್ನೆಲೆಯ ಮೂವರ ಸಮಿತಿಯ ಮುಂದೆ ಅವರು ಹಾಜರಾಗಬೇಕು. ಚಟ ಅಂಟಿದ್ದರೆ ಚಿಕಿತ್ಸೆಗೆ ಒಪ್ಪಿಸುವುದು, ಇಲ್ಲದಿದ್ದರೆ ಎಚ್ಚರಿಸಿ ಬಿಡುವುದು ಅಥವಾ ದಂಡ ಹಾಕುವುದು ಆ ಸಮಿತಿಯ ಕೆಲಸ. ಮಾರಾಟ ಮಾತ್ರ ಹಿಂದಿನಂತೆಯೇ ಘೋರ ಅಪರಾಧ. ಇದನ್ನು ‘ಪೋರ್ಚುಗಲ್‌ನಲ್ಲಿ ಎಲ್ಲವೂ ಮುಕ್ತ’ ಎಂದು ಹೇಳಿಕೊಂಡು ತಿರುಗುವವರು ಕಾನೂನನ್ನು ಓದಿಲ್ಲ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಪೋರ್ಚುಗಲ್ ಹೀಗೆ ಮಾಡಿದ್ದು ಗಾಂಜಾದ ಕಾಟಕ್ಕಲ್ಲ, ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಹಬ್ಬುತ್ತಿದ್ದ ಎಚ್‌ಐವಿಗೆ. ಅಲ್ಲಿ ಸೋಂಕು ಇಳಿದದ್ದಕ್ಕೆ ಕಾನೂನು ಬದಲಾದದ್ದೊಂದೇ ಕಾರಣವಲ್ಲ. ಚಿಕಿತ್ಸೆಗೆ ಹಣ ಸುರಿದದ್ದೂ ಕಾರಣ. ನಮ್ಮಲ್ಲಿ ಕಾನೂನನ್ನು ಮಾತ್ರ ನಕಲು ಮಾಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಹುದ್ದೆಯನ್ನು ಖಾಲಿ ಬಿಟ್ಟರೆ ಸಮಿತಿಯ ಮುಂದೆ ಬಂದ ಹುಡುಗನನ್ನು ಕಳಿಸುವುದು ಎಲ್ಲಿಗೆ?

ಆದರೂ ಈ ದಾರಿಯ ಬೀಜ ನಮ್ಮ ಕಾಯಿದೆಯಲ್ಲೇ ಇದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. 64-ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. 39ನೆಯ ಕಲಮು ಶಿಕ್ಷೆಗೆ ಬದಲಾಗಿ ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಇವೆರಡನ್ನೂ ಬಳಸುವುದು ಅಪರೂಪ. ಕೈಗೆ ಅರವತ್ತು ಗ್ರಾಂ ಸಿಕ್ಕ ಇಪ್ಪತ್ತರ ಹುಡುಗನಿಗೆ ಅವನ ಮನೆಯವರು ಹೇಳುವುದು, ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಕೈತೊಳೆದುಕೊಳ್ಳೋಣ ಸಾರ್’ ಎಂದು. ದಂಡ ಕಟ್ಟಿದ ದಿನ ಮುಗಿಯಿತು ಎನಿಸುತ್ತದೆ. ಪಾಸ್‌ಪೋರ್ಟಿಗೋ ಸರ್ಕಾರಿ ನೌಕರಿಗೋ ಪೊಲೀಸ್ ಪರಿಶೀಲನೆ ಬಂದ ದಿನ ಆ ತಪ್ಪೊಪ್ಪಿಗೆ ಶಿಕ್ಷೆಯಾಗಿ ಎದುರು ನಿಲ್ಲುತ್ತದೆ.

ಎರಡನೆಯ ದಾರಿಯಲ್ಲಿ ಕಳ್ಳ ವ್ಯಾಪಾರಿಯ ಲಾಭಕ್ಕೆ ಕೈ ಹಾಕಿದಂತಾಗುವುದಿಲ್ಲ, ಅದು ಇದರ ದೌರ್ಬಲ್ಯ. ಪೆಟ್ಟು ಮಾತ್ರ ಸರಿಯಾದ ಕಡೆಗೆ ತಿರುಗುತ್ತದೆ.

ಮೂರನೆಯ ದಾರಿ: ಔಷಧಿಗೆ ಮಾತ್ರ

ಇದರ ಬಗ್ಗೆ ಹೆಚ್ಚು ಜಗಳವಿಲ್ಲ. ಗಿಡದಲ್ಲಿ ಅಮಲೇರಿಸುವ ಟಿಎಚ್‌ಸಿ ಇದೆ, ಅಮಲೇರಿಸದ ಸಿಬಿಡಿ ಇದೆ. ಸಿಬಿಡಿಯಿಂದ ಮಾಡಿದ ಎಪಿಡಿಯೊಲೆಕ್ಸ್ ಎಂಬ ಔಷಧಿಗೆ ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಒಪ್ಪಿಗೆ ಕೊಟ್ಟರು. ಮಕ್ಕಳಲ್ಲಿ ಕಾಣುವ ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ ಅದು ಬಳಕೆಯಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಕೃತಕ ಟಿಎಚ್‌ಸಿಯ ಮಾತ್ರೆಗಳಿವೆ. ನಮ್ಮ ಆಯುರ್ವೇದದಲ್ಲಿ ಇದೇ ಗಿಡಕ್ಕೆ ‘ವಿಜಯಾ’ ಎಂಬ ಹೆಸರಿದ್ದು, ವೈದ್ಯರ ನಿಗಾದಲ್ಲೇ ಕೊಡಬೇಕಾದ ವಿಷದ್ರವ್ಯಗಳ ಸಾಲಿನಲ್ಲಿ ಅದನ್ನು ಇಡಲಾಗಿದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗವು ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆದಾಗ 27 ದೇಶಗಳು ಪರವಾಗಿ, 25 ವಿರುದ್ಧವಾಗಿ ಮತ ಹಾಕಿದವು, ಭಾರತ ಪರವಾಗಿತ್ತು.

ತೊಂದರೆ ಇರುವುದು ‘ಔಷಧಿ’ ಎಂಬ ಬಾಗಿಲಿನ ಅಗಲದಲ್ಲಿ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಾಗ ಹೇಳಿದ್ದು ವೈದ್ಯಕೀಯ ಉದ್ದೇಶ, ರೈತರ ಆದಾಯ ಎಂದೇ. ಅದರ ಬೆನ್ನಿಗೆ ಬೇಕಾದ ನಿಯಂತ್ರಣದ ಕಾನೂನನ್ನು ತರುವುದು ಮಾತ್ರ ತಡವಾಯಿತು. ನೋಡನೋಡುತ್ತಿದ್ದಂತೆ ಪ್ರವಾಸಿ ಬೀದಿಗಳಲ್ಲಿ ಸಾವಿರಾರು ಅಂಗಡಿಗಳು ತೆರೆದವು. ಮೂರು ವರ್ಷಕ್ಕೆ, 2025ರ ಜೂನ್‌ನಲ್ಲಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಸರ್ಕಾರ ಮತ್ತೆ ಬಿಗಿ ಮಾಡಬೇಕಾಯಿತು. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಸಾಲುಗಟ್ಟುವ ವಾಹನಗಳನ್ನು ಕಂಡವರಿಗೆ, ಹೋಂಸ್ಟೇಗಳ ಈ ಸೀಮೆಯಲ್ಲಿ ಅಂಥ ಬಾಗಿಲು ಅರೆ ತೆರೆದರೂ ಏನಾದೀತು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯ ದಾರಿ: ನಾರು, ಬೀಜಕ್ಕಾಗಿ ಬೆಳೆ

ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಂದ ವರ್ಷ, ಶುಂಠಿಯ ಬೆಲೆ ಬಿದ್ದ ವರ್ಷ, ಯಾರಾದರೊಬ್ಬರು ಫೋನಿನಲ್ಲಿ ವಿಡಿಯೊ ತೋರಿಸಿ ‘ಉತ್ತರಾಖಂಡದಲ್ಲಿ ಹೆಂಪ್ ಬೆಳೆಯಲು ಸರ್ಕಾರವೇ ಲೈಸೆನ್ಸ್ ಕೊಡುತ್ತದಂತಲ್ಲ ಸಾರ್’ ಎಂದು ಕೇಳುತ್ತಾರೆ. ಕೊಡುವುದು ನಿಜ. ಹೆಂಪ್ ಎಂದರೆ ಅಮಲಿನ ಅಂಶ ತೀರ ಕಡಿಮೆಯಿರುವ ಇದೇ ಗಿಡದ ತಳಿ. ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆ ಇರುವ ತಳಿಗೆ ಆ ರಾಜ್ಯ 2018ರಲ್ಲಿ ಪರವಾನಗಿ ಕೊಡಲು ಶುರುಮಾಡಿತು. ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಇಂಥದೇ ಶಿಫಾರಸಿನ ವರದಿಯನ್ನು ಒಪ್ಪಿಕೊಂಡಿತು. ಹೆಂಪ್ ಬೀಜ ಮತ್ತು ಅದರ ಎಣ್ಣೆಯನ್ನು ಆಹಾರವಾಗಿ ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಅನುಮತಿಸಿತು. ಎನ್‌ಡಿಪಿಎಸ್ ಕಾಯಿದೆಯ 14ನೆಯ ಕಲಮಿನಲ್ಲೇ ಇದಕ್ಕೆ ಅವಕಾಶವಿದೆ. (ನಾವು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬಿಗೂ ಇಂಗ್ಲಿಷಿನಲ್ಲಿ ‘ಸನ್ ಹೆಂಪ್’ ಎನ್ನುವುದರಿಂದ ಕೆಲವರಿಗೆ ಗಲಿಬಿಲಿ. ಅದು ಬೇರೆಯೇ ಗಿಡ, ಅದಕ್ಕೆ ಯಾವ ಲೈಸೆನ್ಸೂ ಬೇಡ.)

ಆದರೆ ಕೇಳುವ ರೈತನಿಗೆ ನಾನು ಎರಡು ಮಾತು ಹೇಳುತ್ತೇನೆ. ಹೆಂಪ್ ಹಗಲು ಕುಗ್ಗಿದಾಗ ಹೂ ಬಿಡುವ ಗಿಡ. ಯುರೋಪಿನ ನಾರಿನ ತಳಿಗಳು ಅಲ್ಲಿನ ದೀರ್ಘ ಬೇಸಗೆಯ ಹಗಲಿನಲ್ಲಿ ಆಳೆತ್ತರ ಮೀರಿ ಬೆಳೆಯುತ್ತವೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲವಾದ್ದರಿಂದ ಅವು ಮೊಣಕಾಲೆತ್ತರ ಬರುವ ಮೊದಲೇ ಹೂ ಬಿಟ್ಟು ನಿಲ್ಲುವ ಅಪಾಯವಿದೆ. ಎರಡನೆಯದು, ಬೆಳೆದು ನಿಂತ ಮೇಲೆ ಪರೀಕ್ಷೆಯಲ್ಲಿ ಟಿಎಚ್‌ಸಿ ಮಿತಿ ದಾಟಿದರೆ ಆ ಬೆಳೆಯನ್ನು ನಾಶ ಮಾಡಬೇಕು, ನಷ್ಟ ಬೆಳೆದವನ ತಲೆಗೆ. ನಾರು ಬಿಡಿಸುವ ಗಿರಣಿಯೂ ಹತ್ತಿರದಲ್ಲಿಲ್ಲದಿರುವಾಗ, ಸದ್ಯಕ್ಕೆ ಇದು ಸಂಶೋಧನಾ ಕೇಂದ್ರದ ತಾಕಿನಲ್ಲಿ ಪರೀಕ್ಷಿಸಬೇಕಾದ ಬೆಳೆಯೇ ಹೊರತು ಸಾಲ ಮಾಡಿ ಬಿತ್ತುವ ಬೆಳೆಯಲ್ಲ. ಅಮಲಿನ ಚರ್ಚೆಗೂ ಇದಕ್ಕೂ ಸಂಬಂಧ ಹೆಸರಿನಲ್ಲಷ್ಟೇ.

ಐದನೆಯ ದಾರಿ: ಮಾರಾಟವನ್ನೇ ಒಪ್ಪಿಕೊಳ್ಳುವುದು

‘ಕಾನೂನುಬದ್ಧ’ ಎಂದಾಗ ಹೆಚ್ಚಿನವರ ಕಣ್ಣೆದುರು ಬರುವುದು ಈ ದಾರಿ. ಇದರೊಳಗೂ ಕವಲುಗಳಿವೆ.

ಕೊಲರಾಡೊ 2012ರಲ್ಲಿ ಜನಮತದಿಂದ ಒಪ್ಪಿ, 2014ರ ಜನವರಿಯಲ್ಲಿ 21 ವರ್ಷ ದಾಟಿದವರಿಗೆ ಖಾಸಗಿ ಅಂಗಡಿಗಳಲ್ಲಿ ಮಾರಾಟ ಆರಂಭಿಸಿತು. ಕೆನಡಾ ಇಡೀ ದೇಶಕ್ಕೆ 2018ರ ಅಕ್ಟೋಬರ್ 17ರಂದು ಬಾಗಿಲು ತೆರೆಯಿತು. ಅಲ್ಲಿನ ಕ್ಯುಬೆಕ್ ಪ್ರಾಂತ್ಯ ಸರ್ಕಾರಿ ಮಳಿಗೆಗಳನ್ನಷ್ಟೇ ಇಟ್ಟುಕೊಂಡು ವಯಸ್ಸನ್ನು 21ಕ್ಕೆ ಏರಿಸಿತು. ಉರುಗ್ವೆ 2013ರಲ್ಲಿ ಒಪ್ಪಿದರೂ ಔಷಧಿ ಅಂಗಡಿಯಲ್ಲಿ ಮಾರಾಟ ಶುರುವಾದದ್ದು 2017ರಲ್ಲಿ. ನೋಂದಾಯಿಸಿಕೊಂಡವರಿಗೆ ತಿಂಗಳಿಗೆ ಗರಿಷ್ಠ 40 ಗ್ರಾಂ, ಜಾಹೀರಾತಿಗೆ ಅವಕಾಶವಿಲ್ಲ. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಮನೆಯಲ್ಲಿ ಮೂರು ಗಿಡ ಬೆಳೆಯಲು, ಜುಲೈ 1ರಿಂದ ಲಾಭವಿಲ್ಲದ ಸಂಘಗಳ ಮೂಲಕ ಹಂಚಿಕೊಳ್ಳಲು ಬಿಟ್ಟಿತು. ಅಂಗಡಿಯನ್ನು ಮಾತ್ರ ಒಪ್ಪಲಿಲ್ಲ. ನೆದರ್ಲೆಂಡ್ಸಿನದು ಕಾಫಿ ಸೀಮೆಯವರಿಗೆ ನಗು ತರಿಸುವ ಕಥೆ: ಅಲ್ಲಿ ‘ಕಾಫಿ ಶಾಪ್’ ಎಂದರೆ ಗಾಂಜಾ ಅಂಗಡಿ. ಗಿರಾಕಿಗೆ 5 ಗ್ರಾಂವರೆಗೆ ಮಾರಿದರೆ ಪೊಲೀಸರು ಸುಮ್ಮನಿರುತ್ತಾರೆ, ಆದರೆ ಅಂಗಡಿಯವನು ಸಗಟಾಗಿ ಕೊಳ್ಳುವುದು ದಶಕಗಳ ಕಾಲ ಅಪರಾಧವಾಗಿಯೇ ಉಳಿಯಿತು. ಮುಂಬಾಗಿಲು ಸಕ್ರಮ, ಹಿಂಬಾಗಿಲು ಅಕ್ರಮ.

ಈ ದಾರಿಯ ಗುಣಗಳು ಸಣ್ಣವಲ್ಲ. ಬಂಧನಗಳು ಇಳಿಯುತ್ತವೆ, ಕಲಬೆರಕೆ ತಪ್ಪುತ್ತದೆ, ಪೊಟ್ಟಣದ ಮೇಲೆ ಅಮಲಿನ ಪ್ರಮಾಣ ಬರೆದಿರುತ್ತದೆ, ಕಳ್ಳ ವ್ಯಾಪಾರಿಯ ಗಿರಾಕಿ ಮೆಲ್ಲಗೆ ಕಳಚುತ್ತಾನೆ. ಎದುರಿಗೆ, ಮಿಠಾಯಿ ರೂಪದ ಗಾಂಜಾವನ್ನು ತಿಳಿಯದೆ ತಿಂದು ಆಸ್ಪತ್ರೆ ಸೇರುವ ಪುಟ್ಟ ಮಕ್ಕಳ ಸಂಖ್ಯೆ ಕೆನಡಾದಲ್ಲೂ ಕೊಲರಾಡೊದಲ್ಲೂ ಏರಿತು. ಹದಿಹರೆಯದಲ್ಲಿ ನಿತ್ಯ ಸೇವಿಸುವವರಲ್ಲಿ, ಅದರಲ್ಲೂ ಟಿಎಚ್‌ಸಿ ಹೆಚ್ಚಿರುವ ಮಾಲಿನಿಂದ, ಮನೋವಿಕಾರದ ಅಪಾಯ ಹೆಚ್ಚು ಎಂಬುದನ್ನು ವೈದ್ಯರು ಮತ್ತೆ ಮತ್ತೆ ಹೇಳಿದ್ದಾರೆ. ಕುಡಿದು ವಾಹನ ಓಡಿಸುವವನನ್ನು ಊದಿಸಿ ಹಿಡಿಯಬಹುದು. ಗಾಂಜಾದ ಅಂಶ ಅಮಲು ಇಳಿದ ಮೇಲೂ ದಿನಗಟ್ಟಲೆ ಮೂತ್ರದಲ್ಲಿ ಉಳಿಯುವುದರಿಂದ, ಚಾರ್ಮಾಡಿ ಘಾಟಿಯಲ್ಲಿ ಬಸ್ಸು ನಡೆಸುತ್ತಿರುವವನು ಈ ಕ್ಷಣ ಅಮಲಿನಲ್ಲಿದ್ದಾನೆಯೇ ಎಂಬುದನ್ನು ಅಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ.

ನನ್ನನ್ನು ಹೆಚ್ಚು ಅಳುಕಿಸುವುದು ಮಾತ್ರ ಬೇರೆ. ಮಾರಾಟದಿಂದ ಸರ್ಕಾರಕ್ಕೆ ಬರುವ ತೆರಿಗೆಯನ್ನು ಶಾಲೆಗೆ, ಆಸ್ಪತ್ರೆಗೆ ಬಳಸಬಹುದಲ್ಲ ಎಂಬ ವಾದವನ್ನು ಕೇಳಿದಾಗೆಲ್ಲ ನನಗೆ ಮದ್ಯದ ನೆನಪಾಗುತ್ತದೆ. ಕರ್ನಾಟಕ 2007ರ ಜುಲೈನಲ್ಲಿ ಸಾರಾಯಿಯನ್ನು ನಿಷೇಧಿಸಿತು. ಸಾರಾಯಿ ಕುಡಿಯುತ್ತಿದ್ದವರು ಕುಡಿತ ಬಿಡಲಿಲ್ಲ, ಅಗ್ಗದ ವಿಸ್ಕಿಗೆ ದಾಟಿದರು. ಇಂದು ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿ ಮೀರಿದ್ದು, ಪ್ರತಿ ಬಜೆಟ್ಟಿನಲ್ಲಿ ಮುಂದಿನ ವರ್ಷಕ್ಕೆ ಇನ್ನೂ ದೊಡ್ಡ ಗುರಿ ನಿಗದಿಯಾಗುತ್ತದೆ. ಅಂಗಡಿ ಖಾಸಗಿಯವರದೇ ಆಗಲಿ, ಎಂಎಸ್‌ಐಎಲ್ ಮಳಿಗೆಯಂತೆ ಸರ್ಕಾರಿ ಕಂಪನಿಯದೇ ಆಗಲಿ, ಗುರಿ ಎಂಬುದು ಬಂದ ಮೇಲೆ ಮಾರಾಟ ಇಳಿಯಲಿ ಎಂದು ಹಾರೈಸುವವರು ಆ ವ್ಯವಸ್ಥೆಯೊಳಗೆ ಯಾರೂ ಉಳಿಯುವುದಿಲ್ಲ. ಊರೊಳಗೆ ಮದ್ಯದಂಗಡಿ ಬೇಡವೆಂದು ಹೆಂಗಸರು ರಸ್ತೆಗೆ ಕೂರುವುದೂ, ಮದ್ಯವರ್ಜನ ಶಿಬಿರಗಳು ನಡೆಯುವುದೂ, ಗುರಿ ಏರುವುದೂ ನಮ್ಮ ಜಿಲ್ಲೆಗಳಲ್ಲಿ ಏಕಕಾಲಕ್ಕೆ ಸಾಗಿವೆ. ಇದೇ ಅಬಕಾರಿ ಯಂತ್ರಕ್ಕೆ ಗಾಂಜಾವನ್ನೂ ಒಪ್ಪಿಸಿದರೆ ಅದು ಉರುಗ್ವೆಯಂತೆ ನಡೆದೀತೆಂದು ನಂಬಲು ನನಗೆ ಆಧಾರ ಕಾಣುತ್ತಿಲ್ಲ.

ಭಂಗಿಯ ಮಾತು ಇಲ್ಲಿ ಬಂದೇ ಬರುತ್ತದೆ. ಎಲೆಯಿಂದ ಮಾಡಿದ ಭಂಗಿ ಎನ್‌ಡಿಪಿಎಸ್ ಕಾಯಿದೆಯ ವ್ಯಾಖ್ಯೆಯಿಂದ ಹೊರಗಿದೆ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಅದಕ್ಕೆ ಪರವಾನಗಿಯ ಅಂಗಡಿಗಳೇ ಇವೆ, ನಮ್ಮ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಈ ವ್ಯತ್ಯಾಸವನ್ನು ಎತ್ತಿಹಿಡಿದಿದೆ. ಅಮಲು ಕಡಿಮೆಯಿರುವ ರೂಪಕ್ಕೆ ಸಲಿಗೆ, ಹೆಚ್ಚಿರುವ ರೂಪಕ್ಕೆ ಬಿಗಿ ಎಂಬ ವಿವೇಕ ನಮ್ಮ ಕಾನೂನಿಗೆ ಮೊದಲೇ ಇತ್ತು ಎಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ಯಾವುದು?

ಮನೆಯಲ್ಲಿ ರೋಗಿಯಿದ್ದು ಔಷಧಿಗಾಗಿ ಕೇಳುವವರು ಮೂರನೆಯ ದಾರಿಯನ್ನು, ಅದೂ ವೈದ್ಯರ ಚೀಟಿ ಮತ್ತು ಔಷಧಿ ಅಂಗಡಿಯ ಲೆಕ್ಕಪುಸ್ತಕ ಎರಡೂ ಇರುವ ರೂಪದಲ್ಲಿ, ಧೈರ್ಯವಾಗಿ ಬೆಂಬಲಿಸಬಹುದು. ಬೆಳೆಯ ಆಸೆಯಿಂದ ಕೇಳುವವರು ನಾಲ್ಕನೆಯದಕ್ಕೆ ಕಾಯಬೇಕು. ವಯಸ್ಕನೊಬ್ಬ ತನ್ನ ಮನೆಯೊಳಗೆ ಏನು ಸೇದುತ್ತಾನೆ ಎಂಬುದು ಸರ್ಕಾರದ ಉಸಾಬರಿಯಲ್ಲ ಎಂಬ ತತ್ವ ಹಿಡಿದವರಿಗೆ ಜರ್ಮನಿಯ ಮೂರು ಗಿಡದ ಮಾದರಿ ಅಂಗಡಿಗಿಂತ ಪ್ರಾಮಾಣಿಕ. ಅಲ್ಲಿ ಬಳಕೆ ಹೆಚ್ಚಾದರೆ ಗಂಟು ಕಟ್ಟುವವರು ಕಡಿಮೆ.

ನನ್ನ ಆಯ್ಕೆ ಎರಡು ಮತ್ತು ಮೂರರ ಜೋಡಿ. ಸಣ್ಣ ಪ್ರಮಾಣವನ್ನು ಕ್ರಿಮಿನಲ್ ದಾಖಲೆಯಿಂದ ಹೊರಗಿಡಬೇಕು, ಹಿತ್ತಲಿನ ಒಂದೆರಡು ಗಿಡಕ್ಕೂ ‘ಸಣ್ಣ ಪ್ರಮಾಣ’ದ ರಿಯಾಯಿತಿ ಕೊಡಬೇಕು, ಮಾರಾಟಕ್ಕೆ ಶಿಕ್ಷೆ ಈಗಿನಂತೆಯೇ ಇರಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಾಸಿಗೆಗಳಿರಬೇಕು. ಚಿಕಿತ್ಸೆಗೆ ಹಣವಿಡದೆ ಉಳಿದದ್ದನ್ನೆಲ್ಲ ಮಾಡುವುದಾದರೆ ನಾನು ನನ್ನ ಮತವನ್ನು ಹಿಂದಕ್ಕೆ ಪಡೆಯುತ್ತೇನೆ.

ಕಾನೂನು ಬದಲಾಗುವವರೆಗೆ ಕಾಯಲಾಗದ ಮನೆಗಳೂ ಇರುತ್ತವೆ. ಮಗನ ಕೋಣೆಯಲ್ಲಿ ಪೊಟ್ಟಣ ಸಿಕ್ಕ ತಂದೆತಾಯಿ ಮೊದಲು ಮಾಡಬೇಕಾದ್ದು ಅವನನ್ನು ಹೊಡೆಯುವುದೂ ಅಲ್ಲ, ಠಾಣೆಯಲ್ಲಿ ಪರಿಚಯದವರನ್ನು ಹುಡುಕುವುದೂ ಅಲ್ಲ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಅಥವಾ ಸಮೀಪದ ಮಾನ್ಯತೆ ಪಡೆದ ವ್ಯಸನಮುಕ್ತಿ ಕೇಂದ್ರಕ್ಕೆ ಅವನನ್ನು ಕರೆದುಕೊಂಡು ಹೋಗಬೇಕು. ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮೊಕದ್ದಮೆ ಆಗಲೇ ದಾಖಲಾಗಿದ್ದರೆ ದಂಡ ಕಟ್ಟುವ ಮುನ್ನ ವಕೀಲರನ್ನು 64-ಎ ಮತ್ತು 39ನೆಯ ಕಲಮಿನ ಬಗ್ಗೆ ಕೇಳಬೇಕು, ಚಿಕಿತ್ಸೆಗೆ ಸೇರಿದ ದಿನಾಂಕವಿರುವ ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿ ತೆಗೆದಿಡಬೇಕು.